ಆರನೇ ನಂಬರಿನವನ ಮಾತು

"ಇಲ್ಲಿ ಆಡಿದ ಮಾತು ಈ ಬಾಗಿಲು ದಾಟಲ್ಲ ಅಂತೀರಲ್ಲ ಮೇಡಂ... ಅದಕ್ಕೇನು ಗ್ಯಾರಂಟಿ?"

ಆರನೇ ನಂಬರಿನವನು ಅವಳ ಕಣ್ಣಲ್ಲಿ ಕಣ್ಣಿಟ್ಟು ಕೇಳಿದ.

ಆಸ್ಪತ್ರೆಯ ಹಿಂಭಾಗದ ಕೋಣೆಯಲ್ಲಿ ಎಂಟು ಜನ ದುಂಡಗೆ ಕೂತಿದ್ದರು. ಎಲ್ಲರೂ ಡಯಾಲಿಸಿಸ್ ವಾರ್ಡಿನ ರೋಗಿಗಳ ಮನೆಯವರು. ಅವರನ್ನು ಗುಂಪಿನಲ್ಲಿ ಮಾತಾಡಿಸಿ, ಪಟ್ಟ ಪಾಡನ್ನು ಬರೆದುಕೊಂಡು ವರದಿ ಮಾಡುವುದು, ಹೊರಗಿನ ಸಂಸ್ಥೆಯೊಂದರಿಂದ ಬಂದ ಅವಳ ಕೆಲಸ. ಹೆಸರು ಕೇಳುವಂತಿಲ್ಲ; ಎಲ್ಲರ ಎದೆಯ ಮೇಲೂ ಒಂದೊಂದು ನಂಬರಿನ ಚೀಟಿ.

"ನಾನು ಮಾತು ಕೊಡ್ತೀನಿ," ಎಂದಳು.

"ನೀನು ಶುರು ಮಾಡಪ್ಪ," ಎಂದಳು ಎರಡನೇ ನಂಬರಿನ ಅಜ್ಜಿ. "ನಾನು ಶುರು ಮಾಡಿದ್ರೆ ನಿಲ್ಸೋರು ಯಾರೂ ಇಲ್ಲ!"

ಎಲ್ಲರೂ ನಕ್ಕರು. ಆಮೇಲೆ ಅವನು ಹೇಳಿದ್ದಕ್ಕೆ ಯಾರೂ ನಗಲಿಲ್ಲ.

ಅವನು ಅದೇ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್. ಅಕ್ಕನನ್ನು ತಾನೇ ಕರೆತಂದಿದ್ದ. ಡಯಾಲಿಸಿಸ್ ಮಷಿನ್ ಖಾಲಿಯಿತ್ತು. ಯಾರೋ ದೊಡ್ಡವರು ಬರುತ್ತಾರೆಂದು ಅದನ್ನು ಹಾಗೇ ಕಾದಿರಿಸಿದ್ದರು.

"ಮೂರು ಗಂಟೆ ಕಾರಿಡಾರಲ್ಲಿ... ನನ್ನ ಕೈ ಹಿಡ್ಕೊಂಡೇ ಹೋದ್ಲು."

ಅವಳ ಪೆನ್ನು ನಿಂತುಹೋಯಿತು.

ಚರ್ಚೆ ಮುಗಿದ ಮೇಲೆ ಅವರಿಬ್ಬರೂ ಕ್ಯಾಂಟೀನಿನಲ್ಲಿ ಸಿಕ್ಕರು. ಒಂದು ಟೀ ಎರಡಾಯಿತು, ದಿನಗಳು ವಾರಗಳಾದವು. 'ಮೇಡಂ' ಎನ್ನುವುದನ್ನು ಅವನು ಬಿಡಲಿಲ್ಲ. ಅನ್ನುವ ದನಿ ಮಾತ್ರ ಮೆತ್ತಗಾಯಿತು.

ಒಂದು ಮಧ್ಯಾಹ್ನ ಯೂನಿಫಾರ್ಮ್ ಇಲ್ಲದೆ ಬಂದ.

"ಕೆಲಸದಿಂದ ತೆಗೆದ್ರು. ನಾನು ಆ ಕೋಣೇಲಿ ಹೇಳಿದ್ದು ಆಸ್ಪತ್ರೆ ಸಾಹೇಬ್ರ ಬಾಯಲ್ಲಿ, ಒಂದಕ್ಷರ ಬಿಡದೆ! ಆ ನಾಲ್ಕನೇ ನಂಬರ್, ಟೈಲರ್... ಹೆಂಡ್ತಿ ಇನ್ನೂ ವಾರ್ಡಲ್ಲಿದ್ದಾಳಲ್ಲ, ಒಳ್ಳೆಯವನಾಗೋಕೆ ಅವರ ಕಿವಿ ಊದಿದ್ದಾನೆ. ಅಂಗಡಿಗೇ ಹೋಗಿ ಮಾನ ತೆಗೆದು ಬಂದೆ!"

ಅವಳು ಆಫೀಸಿಗೆ ಓಡಿ, ತಾನೇ ಆಸ್ಪತ್ರೆಗೆ ಕಳಿಸಿದ್ದ ಕರಡು ವರದಿ ತೆರೆದಳು. ಅವನ ಮಾತು, ಅದರ ಕೆಳಗೆ: 'ಆರನೆಯವರು, ಪುರುಷ, ಆಂಬುಲೆನ್ಸ್ ಚಾಲಕ.'

ಹೆಸರನ್ನು ಅಷ್ಟು ಜೋಪಾನವಾಗಿ ಮುಚ್ಚಿಟ್ಟವಳು ಕಸುಬನ್ನು ಬರೆದುಬಿಟ್ಟಿದ್ದಳು. ಆ ಆಸ್ಪತ್ರೆಗೆ ಇದ್ದದ್ದೇ ಒಬ್ಬ ಡ್ರೈವರ್!

'ಹೇಳಿದರೆ ಅವನು ನನ್ನ ಮುಖ ನೋಡುವುದಿಲ್ಲ... ಹೇಳದಿದ್ದರೆ?'

ಮರುದಿನ ವಾರ್ಡಿನಲ್ಲಿ ಟೈಲರನ ಹೆಂಡತಿ ಗೋಡೆ ಹಿಡಿದು ಒಬ್ಬಳೇ ನಡೆದು ಬರುತ್ತಿದ್ದಳು. ಎಲ್ಲರೆದುರು ಮಾನ ಹೋದ ನಾಚಿಕೆಯಿಂದ ಗಂಡ ಗೇಟಿನ ಹೊರಗೇ ಉಳಿದಿದ್ದ.

ಆ ವಾರವೇ ಗುಂಪನ್ನು ಮತ್ತೆ ಕರೆದು, ಬರೆದದ್ದನ್ನು ಓದಿ, 'ಇದು ನಿಮ್ಮ ಮಾತೇ ತಾನೇ?' ಎಂದು ಕೇಳುವ ಸಭೆಯಿತ್ತು. ಟೈಲರನನ್ನು ಅವಳೇ ಕಾಡಿಬೇಡಿ ಕರೆಸಿದ್ದಳು. ಡ್ರೈವರ್ ಅವನಿಗೆ ಬೆನ್ನು ಹಾಕಿ ಕೂತಿದ್ದ.

"ಓದೋಕೆ ಮುಂಚೆ ಒಂದು ಮಾತು," ಎಂದಳು ಅವಳು. "ಟೈಲರ್ ಅಣ್ಣ ಏನೂ ಮಾಡಿಲ್ಲ. ಆ ಮಾತು ಹೊರಗೆ ಹೋಗಿದ್ದು... ನನ್ನಿಂದ."

ನಡೆದದ್ದನ್ನೆಲ್ಲ ಹೇಳಿದಳು. ಡ್ರೈವರ್ ಎದ್ದ. ಬಾಗಿಲು ತೆಗೆದು ಹೊರಗೆ ಹೋಗಿಬಿಟ್ಟ.

"ಹಿಂದೆ ಓಡ್ಬೇಡ ಮಗಳೇ," ಎಂದಳು ಅಜ್ಜಿ. "ಈಗ ನೀನು ಏನಂದ್ರೂ ಅವನಿಗೆ ಉರಿಯೋದೇ."

ಅವಳು ತಪ್ಪೊಪ್ಪಿಕೊಂಡು ಆಸ್ಪತ್ರೆಗೆ ಪತ್ರ ಬರೆದಳು. ಅವನ ಕೆಲಸ ಮರಳಲಿಲ್ಲ. ಅವಳ ಕೆಲಸವೂ ತಿಂಗಳ ಕೊನೆಯವರೆಗೆ ಮಾತ್ರ. ವರದಿ ತಿದ್ದುವುದಷ್ಟೇ ಬಾಕಿ.

ಸಭೆಯಾದ ಒಂಬತ್ತನೇ ದಿನ ಅವನು ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಗಡ್ಡ ಬೆಳೆದಿತ್ತು.

"ಟೈಲರ್ ಅಣ್ಣನ ಕಾಲು ಹಿಡಿಯೋಕೆ ಹೋದೆ. 'ನೆಟ್ಟಗೆ ನಿಂತ್ಕೋ' ಅಂತ ಬೈದು ಅಂಗಿಗೆ ಅಳತೆ ತಗೊಂಡ್ರು. ಲಾರಿ ಓಡಿಸೋ ಕೆಲಸ ಸಿಕ್ಕಿದೆ."

ಅವಳಿಗೆ ನಗು, ಅಳು ಒಟ್ಟಿಗೇ ಬಂದವು.

"ನಿಮ್ಮ ಮಾತನ್ನ ವರದಿಯಿಂದ ಪೂರ್ತಿ ತೆಗೆದೆ..."

"ಯಾಕೆ ತೆಗೆದ್ರಿ?!" ಅವನ ದನಿ ಒಡೆಯಿತು. "ಅಕ್ಕ ಹೇಗೆ ಹೋದ್ಲು ಅಂತ ಬೇರೆ ಎಲ್ಲೂ ಬರೆದಿಲ್ಲ ಮೇಡಂ... ಆಸ್ಪತ್ರೆ ಕಾಗದದಲ್ಲೂ ಇಲ್ಲ. ಸೇರ್ಸಿ. ಆ ಆಸ್ಪತ್ರೇಲಿ ಕಳೆದುಕೊಳ್ಳೋಕೆ ನನಗಿನ್ನೇನಿದೆ?"

ಅವಳು ಅದನ್ನು ಮತ್ತೆ ಪೂರ್ತಿ ಟೈಪ್ ಮಾಡಿದಳು. ಅವನು ಒಂದೊಂದೇ ಸಾಲು ಓದಿ ತಲೆಯಾಡಿಸಿದ.

"ನನ್ನ ಕ್ಷಮಿಸಿದ್ರಾ?"

"ಇಲ್ಲ." ಅವನು ಕಿಟಕಿಯತ್ತ ನೋಡಿದ. "ಆದ್ರೆ ಒಂಬತ್ತು ದಿನದಿಂದ ಈ ನೋವು ಯಾರಿಗೆ ಹೇಳ್ಲಿ ಅಂದ್ರೆ ನಿಮ್ಮ ಮುಖಾನೇ ಬರತ್ತೆ. ನಿಮ್ಮನ್ನ ಬಿಟ್ಟು ಇರೋಕಾಗ್ತಿಲ್ಲ. ಏನ್ಮಾಡ್ಲಿ?"

ಅವಳು ಪೆನ್ನನ್ನು ದೂರ ಸರಿಸಿ ಅವನ ಕೈ ಹಿಡಿದಳು.

"ನನಗೇ ಹೇಳಿ... ಬರ್ಕೊಳ್ಳಲ್ಲ."