ಕಾಡಿಗೆ ಹೋದ ಖಾಲಿ ಸೂಜಿ

"ನಮ್ಮ ಮಾವನ್ನ ನಾನ ಕೊಂದೀನಂತರೀ!"

ನೆರೆಮನೆಯ ಭಕ್ತಿ ಬಾಗಿಲಲ್ಲೇ ಕುಸಿದಾಗ ಮಂದಾಕಿನಿ ಚಹಾದ ಕಪ್ಪು ಬದಿಗಿಟ್ಟು ಎದ್ದು ಬಂದಳು. ಕೊಂಡಾಪುರದ ಆ ಅಪಾರ್ಟ್‌ಮೆಂಟಿನಲ್ಲಿ ಯಾರಿಗೆ ಏನೇ ಕಗ್ಗಂಟಾದರೂ ಓಡಿಬರುತ್ತಿದ್ದುದು ಮಂದಾಕಿನಿಯ ಅಕ್ಕ ಗಿರಿಜಾಬಾಯಿಯ ಬಳಿಗೇ. ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತಳಾದ ಹೆಂಗಸು. ಆದರೆ ಇಂಥ ಮಾತನ್ನು ಯಾರೂ ತಂದಿರಲಿಲ್ಲ.

ನಡೆದದ್ದು ಇಷ್ಟು. ಭಾನುವಾರ ಭಕ್ತಿ, ಗಂಡ ಅಕ್ಷಯ, ಮಾವ ಅಮೃತಪ್ಪ ಒಂದು ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದರು. ಅಮೃತಪ್ಪನವರಿಗೆ ಜೇನು ಕಚ್ಚಿದರೆ ಜೀವಕ್ಕೇ ಸಂಚಕಾರ. ಹಾಗಾಗಿ ತಯಾರಿಯೆಲ್ಲ ಭಕ್ತಿಯದೇ. ತಲಾ ಎರಡು ಲೀಟರ್ ನೀರು, ತುಂಬು ತೋಳಿನ ಬಟ್ಟೆ. ಅತ್ತರು ಹಚ್ಚುವಂತಿಲ್ಲ, ದಾರಿ ಬಿಟ್ಟು ಕದಲುವಂತಿಲ್ಲ. ಫೋನಿನ ಚಾರ್ಜು ಮುಗಿದರೂ ಇರಲೆಂದು ಅರಣ್ಯ ಕಾವಲುಗಾರರ ನಂಬರು ಕಾಗದದ ಮೇಲೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲರ್ಜಿಯಿಂದ ಗಂಟಲು ಬಾತರೆ ಚುಚ್ಚಲೆಂದು ವಿದೇಶದಿಂದ ತರಿಸಿದ, ಒಂದೇ ಸಲಕ್ಕೆ ಬರುವ ಇಂಜೆಕ್ಷನ್ ಪೆನ್ನು. ಕಾಡಿನಲ್ಲಿ ಅವರಿಗೆ ಜೇನು ಕಚ್ಚಿತು, ಗಂಟಲು ಬಾತಿತು. ಅಕ್ಷಯ ಪೆನ್ನು ತೆಗೆದರೆ ಸೂಜಿ ಆಗಲೇ ಹೊರಬಂದಿತ್ತು, ಔಷಧ ಮುಗಿದಿತ್ತು! ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಯಿತು.

ಚೀಲ ಕಟ್ಟಿದ್ದು ಸೊಸೆ, ಬೇರೆ ಯಾರೂ ಮುಟ್ಟಿಲ್ಲ. ಇನ್‌ಸ್ಪೆಕ್ಟರಿಗೆ ಅಷ್ಟು ಸಾಕಾಯಿತು. ನಾಳೆ ಬಂಧಿಸುತ್ತೇನೆಂದು ಹೇಳಿಹೋಗಿದ್ದ.

"ಅವರೂ ಮಾತಾಡವಲ್ಲರು ನನ್ನ ಕೂಡ," ಎಂದು ಭಕ್ತಿ ಬಿಕ್ಕಿದಳು. ಗಂಡನ ಮೌನವೇ ಅವಳನ್ನು ಹೆಚ್ಚು ಸುಟ್ಟಿತ್ತು.

"ಪೆನ್ನಿನ ಔಷಧ ತಾನ ಸೋರತೈತೇನು?" ಗಿರಿಜಾಬಾಯಿ ಕೇಳಿದಳು.

"ಇಲ್ಲರಿ. ತೊಡಿಗೆ ಒತ್ತಿದ್ರಷ್ಟ ಸೂಜಿ ಹೊರಗ ಬರತೈತಿ."

"ಹಂಗಾರ ಯಾರದೋ ತೊಡಿಗೆ ಒತ್ಯಾರ. ಚೀಲ ಕಟ್ಟಿದ್ದು ಯಾವಾಗ?"

"ಶನಿವಾರ ಸಂಜಿಗೆ. ಎರಡೆರಡು ಸಲ ನೋಡಿ ಕಟ್ಟೀನ್ರಿ."

"ಹೊರಡೂ ಮುಂದ?"

"ನೋಡಲಿಲ್ಲರಿ."

ಗ್ಯಾಸ್ ಬಂದ್ ಮಾಡಿದ್ದನ್ನು ನಾಲ್ಕು ಸಲ ನೋಡುವ ಹುಡುಗಿ ಇವಳು! ಮಂದಾಕಿನಿಗೂ ಅನುಮಾನ ಸುಳಿಯಿತು. ಗಿರಿಜಾಬಾಯಿ ಮಾತ್ರ ಗೋಡೆಯ ಕ್ಯಾಲೆಂಡರಿನತ್ತ ನೋಡುತ್ತಿದ್ದಳು. ಭಾನುವಾರದ ಚೌಕದಲ್ಲಿ ಅಮಾವಾಸ್ಯೆಯ ಕಪ್ಪು ಚುಕ್ಕೆಯಿತ್ತು.

ಮರುದಿನ ಎಲ್ಲರೂ ಅಕ್ಷಯನ ಮನೆಯಲ್ಲಿ ಸೇರಿದರು. ಇನ್‌ಸ್ಪೆಕ್ಟರ್ ಬಂದಿದ್ದ. ಎದುರು ಮನೆಯ ಶಾರದಾಬಾಯಿ ಎಂಟು ವರ್ಷದ ಮೊಮ್ಮಗಳು ಗಗನಳೊಂದಿಗೆ ಬಂದಿದ್ದಳು. ಮಗು ನೆಲದ ಮೇಲೆ ಕೂತು ಚಿತ್ರಕ್ಕೆ ಬಣ್ಣ ಹಚ್ಚುತ್ತಿತ್ತು. ಫ್ರಾಕು ಸರಿದು, ತೊಡೆಯ ಹೊರಬದಿಯಲ್ಲಿ ನೀಲಿಗಟ್ಟಿದ ಕಲೆ ಕಂಡಿತು. ಎಲ್ಲಿ ಬಿದ್ದಿತ್ತೋ ಎಂದುಕೊಂಡಳು ಮಂದಾಕಿನಿ.

"ಅಕ್ಷಯ, ಶನಿವಾರ ಸಂಜಿಯಿಂದ ಚೀಲ ಎಲ್ಲಿತ್ತು?" ಗಿರಿಜಾಬಾಯಿ ಕೇಳಿದಳು.

"ಮನ್ಯಾಗ..." ಎಂದವನ ಮುಖ ಬಿಳಿಚಿತು. "ಅಲ್ಲರಿ. ಶಾರದಾಬಾಯಾರ ಮನ್ಯಾಗ."

ಗಿರಿಜಾಬಾಯಿ ಕನ್ನಡ ಬಾರದ ಇನ್‌ಸ್ಪೆಕ್ಟರಿಗೆ ತೆಲುಗಿನಲ್ಲಿ ಬಿಡಿಸಿ ಹೇಳಿದಳು. ಅಮಾವಾಸ್ಯೆಗೆ ಪ್ರಯಾಣ ಹೊರಡಬಾರದು. ರಜೆ ಸಿಗುವುದು ಅಂದೇ ಆದರೆ, ಹಿಂದಿನ ದಿನವೇ ಚೀಲವನ್ನು ಹೊಸಿಲು ದಾಟಿಸಿ ಪಕ್ಕದ ಮನೆಯಲ್ಲಿಡುತ್ತಾರೆ. ಪ್ರಯಾಣ ಆಗಲೇ ಶುರುವಾದ ಲೆಕ್ಕ. ಅದಕ್ಕೆ ಪ್ರಸ್ಥಾನ ಎನ್ನುತ್ತಾರೆ. ಆ ಚೀಲವನ್ನು ಊರು ದಾಟುವ ತನಕ ಬಿಚ್ಚಬಾರದು. ಅದಕ್ಕೇ ಭಕ್ತಿ ಮತ್ತೆ ನೋಡಲಿಲ್ಲ. ಮಾಡಿ ಮಾಡಿ ರೂಢಿಯಾದದ್ದು, ಹಾಗಾಗಿ ಪೊಲೀಸರಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

"ಪೋಸ್ಟ್‌ಮಾರ್ಟಮ್‌ನಾಗ ಅಮೃತಪ್ಪನವರ ತೊಡ್ಯಾಗ ಸೂಜಿ ಗುರುತು ಸಿಗಲಿಲ್ಲ," ಎಂದಳು ಗಿರಿಜಾಬಾಯಿ. "ಗುರುತು ಇಲ್ಲೈತಿ, ನೋಡ್ರಿ."

ಎಲ್ಲರ ಕಣ್ಣೂ ಮಗುವಿನ ತೊಡೆಯತ್ತ ಹೊರಳಿತು. ಮಂದಾಕಿನಿ ಬಾಯಿಗೆ ಸೆರಗು ಒತ್ತಿಕೊಂಡಳು.

ಶಾರದಾಬಾಯಿ ಗೋಡೆಗೊರಗಿ ಕೂತುಬಿಟ್ಟಳು. "ಶನಿವಾರ ರಾತ್ರಿ ಗೋಡಂಬಿ ತಿಂದು ಕೂಸಿಗೆ ಉಸಿರು ಕಟ್ಟಿತ್ತು. ಚೀಲದ ಮ್ಯಾಲ ಭಕ್ತಿ ಬರದ ಚೀಟಿ ಕಂಡಿತು, ಗಂಟಲ ಬಾತರ ಇದನ್ನ ತೊಡಿಗೆ ಒತ್ತರಿ ಅಂತ. ಒತ್ತಿದೆ. ಕೂಸು ಉಳೀತು. ಪೆನ್ನು ಹೊಳ್ಳಿ ಚೀಲದಾಗ ಇಟ್ಟೆ."

"ಮತ್ತ ಮುಂಜಾನೆ ಯಾಕ ಹೇಳಲಿಲ್ಲ?" ಅಕ್ಷಯ ಚೀರಿದ.

"ಪ್ರಸ್ಥಾನದ ಚೀಲ ಬಿಚ್ಚೀನಿ ಅಂತ ಹೆಂಗ ಹೇಳಲೆಪ್ಪಾ? ಅಪಶಕುನ ಮಾಡಿದಾಕಿ ಅಂತೀರಿ ಅಂತ ಅಂಜಿದೆ. ಒಂದ ದಿನದಾಗ ಏನಾಗತೈತಿ ಅಂದ್ಕೊಂಡೆ..."

"ಒಂದ ಮಾತು ಹೇಳಿದ್ರ ಸಾಕಿತ್ತಲ್ರಿ," ಎಂದಳು ಭಕ್ತಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹೋಗೂದು ಮುಂದ ಹಾಕ್ತಿದ್ವಿ."

ಅಕ್ಷಯ ಎದ್ದು ಬಂದು ಹೆಂಡತಿಯ ಕೈ ಹಿಡಿಯಲು ಹೋದ. ಅವಳು ಕೈ ಹಿಂದೆ ಎಳೆದುಕೊಂಡಳು.

"ನೀವೂ ನನ್ನ ಒಂದ ಮಾತು ಕೇಳಬೇಕಿತ್ತು," ಎಂದಳು.