ಹಾಲ್ ನಡುವಿನ ಕಂಬ

ಮೂರನೇ ಮಹಡಿಯ ಆ ಫ್ಲ್ಯಾಟನ್ನು ಮಾರುವ ಹೊಣೆ ಹೆಗಲಿಗೆ ಬಿದ್ದಾಗಿನಿಂದ ಅವಳಿಗೆ ಸರಿಯಾಗಿ ಊಟ ಸೇರುತ್ತಿರಲಿಲ್ಲ.

ಮನೆ ಮಾರಿಸುವ ಆಫೀಸು ಚಿಕ್ಕಪ್ಪನದು. ಎರಡು ವರ್ಷ ಅಲ್ಲಿ ಫೋನ್ ಎತ್ತಿ ಎತ್ತಿ ಸಾಕಾಗಿ, ಮನೆ ತೋರಿಸುವ ಕೆಲಸ ಕೊಡಿ ಎಂದು ಬೆನ್ನು ಹತ್ತಿದ್ದಳು. ಚಿಕ್ಕಪ್ಪ ಹುಡುಕಿ ಹುಡುಕಿ, ಯಾರಿಗೂ ಮಾರಲಾಗದ ಮನೆಯ ಕೀಲಿಯನ್ನೇ ಕೊಟ್ಟರು.

"ಈ ತಿಂಗಳೊಳಗೆ ಇದೊಂದನ್ನ ಮಾರಿ ತೋರ್ಸು ಪುಟ್ಟಿ. ಇಲ್ಲ ಅಂದ್ರೆ ತೆಪ್ಪಗೆ ಫೋನ್ ಹತ್ರ ಕೂತ್ಕೋ."

ಓನರ್ ಸಮಾರಂಭಗಳಿಗೆ ಲೈಟ್ ಹಾಕಿಸುವ ಕಾಂಟ್ರಾಕ್ಟರ್. ತಮ್ಮ ಕಸುಬಿನ ಆಸೆಯನ್ನೆಲ್ಲ ಮನೆಯ ಮೇಲೆ ತೀರಿಸಿಕೊಂಡಿದ್ದರು. ಸ್ವಿಚ್ ಒತ್ತಿದರೆ ಸೀಲಿಂಗ್ ಕೆಂಪು, ನೀಲಿ, ಹಸಿರು ಎಂದು ಬಣ್ಣ ಬದಲಿಸುತ್ತಿತ್ತು. ಬೆಡ್‌ರೂಮಿನ ಗೋಡೆ ತುಂಬ ಜಲಪಾತದ ವಾಲ್‌ಪೇಪರ್. ಬಚ್ಚಲಿನ ನಲ್ಲಿಗೆ ಚಿನ್ನದ ಬಣ್ಣದ ಸಿಂಹದ ಬಾಯಿ. ಅದನ್ನೆಲ್ಲ ಕಿತ್ತು ಬಿಸಾಡಬಹುದು, ಮನೆಯ ನಕ್ಷೆಯನ್ನು ಏನು ಮಾಡುವುದು? ಹಾಲ್‌ನ ನಟ್ಟನಡುವೆ ಒಂದು ಕಂಬ, ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ದ್ರಾಕ್ಷಿ ಬಳ್ಳಿ. ಟಾಯ್ಲೆಟ್ಟಿನ ಬಾಗಿಲು ಮುಚ್ಚದೆ ಬೆಡ್‌ರೂಮಿನ ಬಾಗಿಲು ತೆರೆಯುತ್ತಲೇ ಇರಲಿಲ್ಲ.

ಬಂದವರೆಲ್ಲ ಕಂಬ ನೋಡಿ ನಗುತ್ತಿದ್ದರು, ಬಾಗಿಲು ನೋಡಿ ಹೊರಡುತ್ತಿದ್ದರು. ಒಬ್ಬ ಮಾತ್ರ ನಗಲಿಲ್ಲ. ಅಂಗಿಯ ತೋಳು ಮಡಚಿಕೊಂಡು, ಕಂಬದ ಮುಂದೆ ಪೆಚ್ಚಾಗಿ ನಿಂತ.

"ಕಂಬ ಇದೆ ಅಂತ ಜಾಹೀರಾತಲ್ಲೇ ಹಾಕಿದೀರಲ್ಲ. ಯಾರೂ ಹಾಕಲ್ಲ."

"ಮುಚ್ಚಿಟ್ರೆ ಕಾಣ್ಸಲ್ವಾ ಸರ್? ಒಳಗೆ ಬಂದ ತಕ್ಷಣ ಹಣೆಗೇ ಬಡಿಯುತ್ತೆ."

ಅಷ್ಟು ಹೇಳಿ ಅವಳು ನಾಲಿಗೆ ಕಚ್ಚಿಕೊಂಡಳು. ಆಗ ಅವನಿಗೆ ನಗು ಬಂತು. ನಕ್ಕಾಗ ಕಣ್ಣು ಮೊದಲು ನಗುತ್ತಿತ್ತು, ತುಟಿ ಆಮೇಲೆ.

ಎರಡನೇ ಸಲ ಅಳತೆ ಟೇಪಿನ ಜೊತೆ ಬಂದ. ಮೂರನೇ ಸಲ, ಅವನು ಕೇಳುವ ಮೊದಲೇ ಅವಳು ಟೇಪಿನ ಇನ್ನೊಂದು ತುದಿ ಹಿಡಿದು ನಿಂತಳು. ಅಡುಗೆಮನೆಯ ಆ ಕೊನೆಯಿಂದ ಅವನು ಅಂಕಿ ಓದುವುದು ಬಿಟ್ಟು ಅವಳನ್ನೇ ನೋಡುತ್ತಿದ್ದ.

"ಎಷ್ಟು ಬಂತು ಸರ್?"

"ಹಾಂ? ಇನ್ನೊಂದ್ಸಲ ಹಿಡೀರಿ."

ಅವಳ ಕೈಜಾರಿ ಟೇಪು ಸರ್ರೆಂದು ಓಡಿ ಅವನ ಬೆರಳಿಗೆ ಬಡಿಯಿತು.

"ಅಯ್ಯೋ, ನೋವಾಯ್ತಾ?"

"ಇಲ್ಲ ಇಲ್ಲ" ಎಂದು ಬೆರಳನ್ನು ಬೆನ್ನ ಹಿಂದೆ ಬಚ್ಚಿಟ್ಟ. ಅವನ ಕಿವಿ ಕೆಂಪಾಗಿತ್ತು.

ಅಂದಿನಿಂದ ಅವಳಿಗೆ ಒಂದಲ್ಲ, ಎರಡು ಚಿಂತೆ. ಇವನು ಮನೆ ತೆಗೆದುಕೊಳ್ಳದಿದ್ದರೆ ಏನು ಗತಿ? ತೆಗೆದುಕೊಂಡುಬಿಟ್ಟರೆ ಮತ್ತೆ ಇವನನ್ನು ಕಾಣುವುದು ಹೇಗೆ? ನಾಲ್ಕನೇ ಸಲ ಬಂದಾಗ, ವ್ಯವಹಾರದ ಮಾತೆಂಬಂತೆ, "ಮನೇಲಿ ಎಷ್ಟು ಜನ ಸರ್?" ಎಂದಳು.

"ನಾನು, ನಮ್ಮಮ್ಮ. ಇಬ್ರೇ."

ಆ ದಿನ ಅವಳು ಲಿಫ್ಟ್ ಇರುವುದನ್ನೇ ಮರೆತು, ಮೂರು ಮಹಡಿ ನಡೆದೇ ಇಳಿದಳು.

ಅದೇ ಹುಮ್ಮಸ್ಸಿನಲ್ಲಿ ತಪ್ಪು ಮಾಡಿದಳು. ಒಬ್ಬ ಸ್ಕೂಲ್ ಮೇಷ್ಟ್ರು ಮತ್ತು ನರ್ಸ್ ಆಗಿದ್ದ ಅವರ ಹೆಂಡತಿ ಜಾಹೀರಾತು ನೋಡಿ, ಮನೆಯ ಮೇಲೆ ಮನಸ್ಸಿಟ್ಟು ಫೋನ್ ಮಾಡಿದ್ದರು. "ಮನೆ ಹೆಚ್ಚುಕಮ್ಮಿ ಮಾರಾಟ ಆದ ಹಾಗೇನೇ" ಎಂದು ಅವರನ್ನು ಸಾಗಹಾಕಿದಳು. ಗಿರಾಕಿ ಗ್ಯಾರಂಟಿ ಎಂದು ಚಿಕ್ಕಪ್ಪನಿಗೂ ಹೇಳಿಬಿಟ್ಟಳು.

ಐದನೇ ಸಲಕ್ಕೆ ಚಿಕ್ಕಪ್ಪನೇ ಜೊತೆಗೆ ಬಂದರು. "ಸರ್, ಅಳತೆ ಸಾಕು. ಅಗ್ರಿಮೆಂಟ್ ಯಾವಾಗ ಮಾಡೋಣ?"

ಅವನ ಮುಖ ಬಿಳಿಚಿತು.

"ನಾನು ಮನೆ ತಗೊಳ್ಳೋಕೆ ಬಂದಿದ್ದಲ್ಲ ಸರ್. ಈ ಬಿಲ್ಡಿಂಗಿನ ಪ್ಲಾನ್ ಹಾಕಿದ್ದೇ ನಾನು."

ಓದು ಮುಗಿಸಿ ಸೇರಿದ ಮೊದಲ ಕೆಲಸವಂತೆ. ಮಹಡಿಗೆ ಇನ್ನೊಂದು ಫ್ಲ್ಯಾಟ್ ತುರುಕು ಎಂದು ಬಿಲ್ಡರ್ ಹೇಳಿದಾಗ, ಆಗುವುದಿಲ್ಲ ಎನ್ನಲು ಧೈರ್ಯ ಸಾಲದೆ ತುರುಕಿದ್ದ. ಈಗ ಜಾಹೀರಾತು ಕಣ್ಣಿಗೆ ಬಿದ್ದು, ಏನಾದರೂ ಸರಿಮಾಡಲು ಸಾಧ್ಯವೇ ಎಂದು ನೋಡಲು ಬಂದಿದ್ದ.

"ಅದಕ್ಕೆ ಒಂದ್ಸಲ ಬಂದಿದ್ರೆ ಸಾಕಾಗ್ತಿತ್ತಲ್ಲ?" ಎಂದರು ಚಿಕ್ಕಪ್ಪ.

"ಸಾಕಾಗ್ತಿತ್ತು." ಅವಳ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ.

ಬೇರೆ ದಿನವಾಗಿದ್ದರೆ ಆ ಒಂದು ನೋಟಕ್ಕೆ ಅವಳು ಕರಗಿಹೋಗುತ್ತಿದ್ದಳು. ಈಗ ಮೇಷ್ಟ್ರ ಫೋನ್ ನೆನಪಾಯಿತು. ಚಿಕ್ಕಪ್ಪ ವಾಚ್ ನೋಡಿಕೊಂಡು ಹೊರಟುಹೋದರು. ಬೈದಿದ್ದರೇ ಚೆನ್ನಾಗಿತ್ತು.

"ನಿಮ್ಮನ್ನ ನಂಬಿ, ಮನೆ ಬೇಕು ಅಂದವರನ್ನ ಕಳ್ಸಿಬಿಟ್ಟೆ." ಅವಳು ಅವನ ಕಡೆ ತಿರುಗಿದಳು. "ಮೊದಲನೇ ದಿನಾನೇ ಹೇಳ್ಬಹುದಿತ್ತು."

"ಹೇಳಿದ್ರೆ ಮತ್ತೆ ಬರೋಕೆ ಬಿಡ್ತಿದ್ರಾ?"

"ಬಿಡೋದೋ ಬೇಡ್ವೋ, ಅದನ್ನ ನಾನು ಹೇಳ್ಬೇಕಿತ್ತು."

ಅವನು ಬ್ಯಾಗಿನಿಂದ ಒಂದು ಹಾಳೆ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದ. ಅದೇ ಮನೆಯ ಹೊಸ ನಕ್ಷೆ. ಯಾವ ಬಾಗಿಲು ಎತ್ತ ತಿರುಗಬೇಕು, ಕಂಬದ ಪಕ್ಕ ಏನು ಬರಬೇಕು, ಎಲ್ಲ ಪೆನ್ಸಿಲ್ಲಿನಲ್ಲಿ ಅಚ್ಚುಕಟ್ಟಾಗಿ ಬರೆದಿದ್ದ.

ಮರುದಿನ ಅವಳು ಉಗುರು ಕಚ್ಚುತ್ತ ಮೇಷ್ಟ್ರಿಗೆ ಫೋನ್ ಮಾಡಿದಳು. "ತಪ್ಪು ನಂದು ಸರ್. ಮನೆ ಇನ್ನೂ ಖಾಲಿನೇ ಇದೆ." ನಡೆದದ್ದನ್ನೆಲ್ಲ ಹೇಳಿದಳು. ಕಡೆಗೆ ಅವರ ಹೆಂಡತಿ ಫೋನ್ ಕಸಿದುಕೊಂಡರು.

"ಭಾನುವಾರ ಬರ್ತೀವಿ. ಆ ಪ್ಲಾನ್ ಹಾಕಿದ ಮಹಾನುಭಾವರನ್ನೂ ಕರ್ಸಿ. ನಾಲ್ಕು ಮಾತು ಕೇಳೋದಿದೆ."

ವಿಧಿಯಿಲ್ಲದೆ ಅವನಿಗೆ ಒಂದು ಸಾಲಿನ ಮೆಸೇಜ್ ಹಾಕಿದಳು. 'ಬರ್ತೀನಿ' ಎಂದು ಕ್ಷಣದಲ್ಲೇ ಉತ್ತರ ಬಂತು. ಭಾನುವಾರದವರೆಗೆ ಆ ಒಂದು ಪದವನ್ನು ಎಷ್ಟು ಸಲ ತೆಗೆದು ನೋಡಿದಳೋ.

ಅವನು ಓನರ್ ಒಪ್ಪಿಗೆ ಪಡೆದು, ಭಾನುವಾರ ಬೆಳಿಗ್ಗೆಯೇ ಬಡಗಿಯನ್ನು ಕರೆತಂದು, ಟಾಯ್ಲೆಟ್ಟಿನ ಬಾಗಿಲನ್ನು ಒಳಮುಖವಾಗಿ ತಿರುಗಿಸಿ ಕೂರಿಸಿದ್ದ. ನರ್ಸಮ್ಮ ಎರಡೂ ಬಾಗಿಲನ್ನು ಒಟ್ಟಿಗೆ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

"ಕಂಬ?"

"ಅದು ಬಿಲ್ಡಿಂಗನ್ನ ಹೊತ್ಕೊಂಡಿದೆ ಮೇಡಂ, ತೆಗೆಯೋಕಾಗಲ್ಲ. ತಪ್ಪು ನಂದೇ. ಆದ್ರೆ ಪಕ್ಕಕ್ಕೆ ಪುಸ್ತಕದ ಕಪಾಟು ಕಟ್ಟಿದ್ರೆ ಈ ಕಡೆ ಕೂರೋ ಜಾಗ, ಆ ಕಡೆ ಊಟದ ಜಾಗ ಆಗುತ್ತೆ."

ಪುಸ್ತಕ ಎಂದದ್ದೇ ತಡ, ಮೇಷ್ಟ್ರ ಮುಖ ಅರಳಿತು.

"ಸರಿ. ಈ ಲೈಟು, ಸಿಂಹ, ದ್ರಾಕ್ಷಿ ಎಲ್ಲಾ ಕಿತ್ಹಾಕ್ಸಿ" ಎಂದರು ನರ್ಸಮ್ಮ. "ಜಲಪಾತ ಮಾತ್ರ ಇರ್ಲಿ."

"ಅದ್ಯಾಕೆ ಮಾರಾಯ್ತಿ?" ಮೇಷ್ಟ್ರು ಹೌಹಾರಿದರು.

"ಡ್ಯೂಟಿ ಮುಗಿಸಿ ಬಂದು ಅದನ್ನ ನೋಡ್ತಾ ಬಿದ್ಕೋತೀನಿ. ನನಗಿಷ್ಟ."

ಮನೆ ಮಾರಾಟವಾಯಿತು. ಫೋನಿನಲ್ಲಿ ಚಿಕ್ಕಪ್ಪ, "ಹೂಂ. ಸೋಮವಾರ ಬಂದು ಇನ್ನೊಂದು ಕೀಲಿ ತಗೊಂಡ್ಹೋಗು" ಎಂದಷ್ಟೇ ಹೇಳಿದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಎಲ್ಲರೂ ಹೋದ ಮೇಲೆ ಬೀಗ ಹಾಕಿ ತಿರುಗಿದರೆ, ಅವನು ಮೆಟ್ಟಿಲ ಬಳಿ ಇನ್ನೂ ನಿಂತಿದ್ದ. ಇನ್ನು ಇಲ್ಲಿಗೆ ಬರಲು ಅವನಿಗೂ ಕಾರಣವಿಲ್ಲ, ಅವಳಿಗೂ ಇಲ್ಲ.

"ಇನ್ನೂ ಕೋಪ ಇದ್ಯಾ?"

"ಇದೆ."

"ಎಷ್ಟು ದಿನ ಇರುತ್ತೆ?"

"ಗೊತ್ತಿಲ್ಲ. ಬಂದು ಬಂದು ನೋಡ್ಕೊಂಡು ಹೋಗಿ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ನಂಗೆ ನೀವಂದ್ರೆ ತುಂಬಾ ಇಷ್ಟ" ಎಂದ, ತಡವರಿಸುತ್ತ. "ಹೇಳಿದ್ರೆ ಎಲ್ಲಿ ಇದೂ ಸುಳ್ಳು ಅಂದ್ಕೋತೀರೋ ಅಂತ ಭಯ."

ಅವಳು ಕೈ ಚಾಚಿ ಅವನ ಕೈ ಹಿಡಿದುಕೊಂಡಳು. ತನ್ನ ಕೈ ಇಷ್ಟೊಂದು ನಡುಗುತ್ತಿದೆಯಲ್ಲ ಎಂದು ನಾಚಿಕೆಯಾಯಿತು. ಆಮೇಲೆ ಗೊತ್ತಾಯಿತು, ನಡುಗುತ್ತಿದ್ದುದರಲ್ಲಿ ಅರ್ಧ ಅವನದು.