ಹೆಸರು ಹೇಳಿದರೆ ಬಣ್ಣ

ಗುಡೇಕೋಟೆ ಹತ್ತಿರದ ಆ ಅಂಗನವಾಡಿಗೆ ಕನಕರಾಜ ಮೊದಲ ಸಲ ಕಾಲಿಟ್ಟಿದ್ದೇ ಜಗಳಕ್ಕೆ. ಕಂಕುಳಲ್ಲೊಂದು ಕುರಿಮರಿ, ಹಿಂದೆ ಅಕ್ಕನ ಮಗಳು ರೋಜಾ. ನಾಲ್ಕು ವರ್ಷದ ರೋಜಾ ಚಿತ್ರದ ಕುರಿಯ ಬೆನ್ನಿಗೆ ಕೆಂಪು ಬಳಿದಿದ್ದಳು. ಕುರಿ ಎಲ್ಲಾದರೂ ಕೆಂಪಗಿರುತ್ತದಾ ಎಂದು ಯಶೋಧಾ ಟೀಚರ್ ಬೇರೆ ಹಾಳೆ ಕೊಟ್ಟಿದ್ದಳು. ಮೊದಲೇ ಮಾತು ಕಡಿಮೆಯ ಹುಡುಗಿ, ಅವತ್ತಿನಿಂದ ಬಾಯಿಗೆ ಬೀಗ ಹಾಕಿಕೊಂಡಿತ್ತು.

"ನೋಡ್ರಿ ಟೀಚರ್," ಎಂದು ಕನಕರಾಜ ಮರಿಯ ಬೆನ್ನು ತೋರಿಸಿದ. ಅಂಗೈ ಅಗಲದ ಕೆಮ್ಮಣ್ಣಿನ ಗುರ್ತು. "ಇದು ನಮ್ಮ ಮನಿ ಗುರ್ತು. ಇದಿಲ್ದ ಕುರಿ ಮಂದಿ ಹಿಂಡಿನ್ಯಾಗ ಸೇರಿದ್ರ ನಮ್ದು ಅನ್ನಾಕ ಬರಂಗಿಲ್ರಿ. ಹುಡುಗಿ ಸರೀನ ಹಚ್ಚ್ಯಾಳ."

ಯಶೋಧಾಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕುರಿ ಸಾಕುವ ಮನೆಯಲ್ಲೇ ಹುಟ್ಟಿದವಳು, ಪುಸ್ತಕ ಓದಿ ಓದಿ ಅಪ್ಪನ ಹಿಂಡನ್ನೇ ಮರೆತಿದ್ದಳಲ್ಲ! ರೋಜಾಳ ಮುಂದೆ ಕುಕ್ಕುರುಗಾಲಲ್ಲಿ ಕೂತು ತಪ್ಪಾಯಿತು ಎಂದಳು. ಅದನ್ನು ಕೇಳಿ ಕನಕರಾಜ ತಲೆ ತಗ್ಗಿಸಿ ನಕ್ಕ. ಆ ನಗೆಯೇ ಅವಳ ನಿದ್ದೆ ಕೆಡಿಸಿದ್ದು.

ಯಶೋಧಾಳ ಅಂಗನವಾಡಿಗೆ ಒಂದೇ ಕಾನೂನು: ಹೆಸರು ಹೇಳಿದರೆ ಬಣ್ಣ. ಬದನೆಕಾಯಿ ಅಂದರೆ ನೇರಳೆ ಬಣ್ಣದ ಕಡ್ಡಿ, ಗಿಣಿ ಅಂದರೆ ಹಸಿರು. ಬರೀ ಬೆರಳು ತೋರಿಸಿದವರಿಗೆ ಏನೂ ಇಲ್ಲ. ಹಾಳೆಗೊಂದು ಹೊಸ ಚಿತ್ರ, ಚಿತ್ರಕ್ಕೊಂದು ಹೊಸ ಮಾತು. ಆರು ತಿಂಗಳಲ್ಲಿ ರೋಜಾಳ ಬಾಯಲ್ಲಿ ಕಂಬಳಿ ಬಂತು, ಕೊಡ ಬಂತು, ಸಜ್ಜೆ ತೆನೆ ಬಂತು, ನವಿಲೂ ಬಂತು.

ಮಾತು ಬಾರದೆ ಉಳಿದವನು ಅವಳ ಮಾವ. ಮುನ್ನೂರು ಕುರಿಗೆ ಕೂಗು ಹಾಕುವ ಗಂಟಲು, ಒಬ್ಬ ಹೆಣ್ಣಿನ ಮುಂದೆ ಒಣಗಿ ಹೋಗುತ್ತಿತ್ತು. ದಿನಾ ಬಾಗಿಲಿಗೆ ಒರಗಿ ನಿಲ್ಲುವನು. ಯಶೋಧಾ ತಲೆ ಎತ್ತಿದರೆ ಗೋಡೆಯ ಮೇಲೆ ಬರೆದ ನವಿಲು ನೋಡುವನು, ತಗ್ಗಿಸಿದರೆ ಅವಳನ್ನು.

"ದಿನಾ ನೋಡ್ತೀರಲ್ಲ, ನವಿಲಿಗೆ ಗರಿ ಎಷ್ಟು ಅದಾವ ಹೇಳ್ರಿ," ಎಂದು ಒಮ್ಮೆ ಕೆಣಕಿದಳು.

"ಎಣಿಸಿಲ್ರಿ," ಎಂದು ಮರಿಯ ಬೆನ್ನಿನಷ್ಟೇ ಕೆಂಪಾದ.

ಈಗ ಎಲ್ಲ ಕೈಮೀರುತ್ತಿತ್ತು. ಯಶೋಧಾಳ ಅಣ್ಣ ಪಾಲಾಕ್ಷಪ್ಪ ಅವಳನ್ನು ಕೊಡುವುದಾಗಿ ಹಗರಿಬೊಮ್ಮನಹಳ್ಳಿಯ ಗಂಡಿನವರಿಗೆ ಮಾತು ಕೊಟ್ಟಾಗಿತ್ತು. ಸೋಮವಾರ ಅವರು ಎಲೆಅಡಿಕೆ ಹಿಡಿದು ಬರುವವರಿದ್ದರು. ಕನಕರಾಜ ನಾಳೆಯೇ ಹಿಂಡು ಹೊಡೆದುಕೊಂಡು ಹಡಗಲಿ ಕಡೆಯ ಹೊಳೆದಂಡೆಗೆ ಹೊರಟಿದ್ದ, ಬರುವುದು ಇನ್ನು ನಾಲ್ಕು ತಿಂಗಳಿಗೆ. ಉಳಿದದ್ದು ಇವತ್ತೊಂದೇ ದಿನ. ಯಶೋಧಾ ಬಾಗಿಲನ್ನೇ ನೋಡುತ್ತ ಕೂತಿದ್ದಳು. ಅವನು ಒಂದು ಮಾತಾಡಲಿ ದೇವರೇ, ಒಂದೇ ಒಂದು ಮಾತು.

ಅವನು ಬಂದ. ಇನ್ನು ಮೇಲೆ ರೋಜಾಳನ್ನು ಅಜ್ಜಿ ಪಕ್ಕೀರಮ್ಮ ಕರೆದೊಯ್ಯುತ್ತಾಳೆ, ಇವತ್ತೂ ಅವಳೇ ಬರುತ್ತಾಳೆ ಎಂದ. ಸೋಮವಾರದ ಸುದ್ದಿ ಕೇಳಿದೆ, ಒಳ್ಳೆಯದಾಗಲಿ ಎಂದ. ತಿರುಗಿ ನಡೆದೇಬಿಟ್ಟ.

ಉಳಿದ ಮಕ್ಕಳೆಲ್ಲ ಮನೆಗೆ ಹೋಗಿದ್ದರು. ರೋಜಾ ಮಾತ್ರ ಮಾವ ಹೋದ ದಾರಿ ನೋಡುತ್ತ, ಹಳೇ ಚಾಳಿಯಂತೆ ಕೆಂಪು ಕಡ್ಡಿಯ ಕಡೆ ಬೆರಳು ತೋರಿಸಿದಳು.

"ಬಾಯಿ ಬಿಟ್ಟು ಹೇಳವ್ವ," ಎಂದಳು ಯಶೋಧಾ, ಕಣ್ಣೊರೆಸಿಕೊಳ್ಳುತ್ತ. "ಹೇಳದಿದ್ರ ಯಾರಿಗೂ ಏನೂ ಸಿಗಂಗಿಲ್ಲ."

"ಕೆಂಪು," ಎಂದಳು ರೋಜಾ.

ಯಶೋಧಾ ಕಡ್ಡಿ ಕೊಟ್ಟಳು, ಕೊಟ್ಟ ಕೈ ಅಲ್ಲೇ ನಿಂತಿತು. ಆರು ತಿಂಗಳು ತಾನು ಮಾಡಿದ್ದಾದರೂ ಏನು? ತಾನೂ ಬಾಯಿ ಬಿಡದೆ ಬರೀ ಕಾದಿದ್ದಳಲ್ಲ! ಹುಡುಗಿಯನ್ನು ಕಂಕುಳಿಗೆ ಹಾಕಿಕೊಂಡು ಬರಿಗಾಲಲ್ಲೇ ಓಡಿದಳು. ಬೇವಿನ ಮರದ ಹತ್ತಿರ ಅವನು ಸಿಕ್ಕ. ನೋಡಿದರೆ ಅವನೂ ಅಳುತ್ತಿದ್ದ.

"ನನಗ ನೀವು ಬೇಕ್ರಿ," ಎಂದಳು.

"ನಾ ಓದಿಲ್ರಿ ಟೀಚರ್. ವರ್ಷದಾಗ ನಾಕ್ ತಿಂಗ್ಳು ಬಯಲಾಗ ಮಲಗಾಂವ. ನಿಮ್ಮಣ್ಣನ್ನ ಯಾವ ಬಾಯಿಲೆ ಕೇಳಲಿ?"

"ನಿಮ್ಮ ಜೀವ ಏನ್ ಅಂತೈತಿ, ಅದನ್ನ ಹೇಳ್ರಿ."

"ನಿಮ್ಮನ್ನ ಬಿಟ್ಟು ಹೋಗಾಕ ಕಾಲಽ ಬರವಲ್ದು," ಎಂದ.

ಮೂವರೂ ಹೋದಾಗ ಪಾಲಾಕ್ಷಪ್ಪನ ಹಿಟ್ಟಿನ ಗಿರಣಿಯಲ್ಲಿ ಇಬ್ಬರು ಹೆಂಗಸರು ಜೋಳದ ಡಬ್ಬಿ ಇಟ್ಟುಕೊಂಡು ಕೂತಿದ್ದರು. ತಂಗಿಯ ಮುಖ ನೋಡಿ ಅವನು ಗಿರಣಿ ನಿಲ್ಲಿಸಿದ. ಸೋಮವಾರ ಅವರು ಬರುವುದು ಬೇಡ ಎಂದಳು ಅವಳು.

"ಮತ್ಯಾರು ಬೇಕು ನಿನಗ?"

ಕನಕರಾಜ ಬಾಗಿಲಲ್ಲೇ ನಿಂತಿದ್ದ. ಬೆರಳು ತೋರಿಸಿದ್ದರೆ ಸಾಕಿತ್ತು. ಅವರ ಕಡೆ ಹೆಣ್ಣುಮಕ್ಕಳು ಮದುವೆಯಾಗುವವನ ಹೆಸರು ಬಾಯಲ್ಲಿ ತರುವುದಿಲ್ಲ. ಯಶೋಧಾಳ ಕೈ ಎದ್ದೂ ಆಗಿತ್ತು. ಕೆಳಗಿಳಿಸಿದಳು.

"ಕನಕರಾಜ," ಎಂದಳು.

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಪಾಲಾಕ್ಷಪ್ಪ ಮೈಮೇಲಿನ ಹಿಟ್ಟು ಕೊಡವಿಕೊಂಡ. ಆಮೇಲೆ, ಕೊಟ್ಟ ಮಾತಿಗೆ ಹಗರಿಬೊಮ್ಮನಹಳ್ಳಿಗೆ ತಾನೇ ಹೋಗಿ ಕೈಮುಗಿದು ಬರಬೇಕಾಯಿತಲ್ಲ ಎಂದು ಗೊಣಗಿ, ಮೊಳೆಗೆ ತೂಗುಹಾಕಿದ್ದ ಅಂಗಿ ತೆಗೆದುಕೊಂಡ.

ಯಶೋಧಾಳ ಸೆರಗನ್ನು ಯಾರೋ ಜಗ್ಗಿದರು. ರೋಜಾ. ಟೀಚರ್ ಹೆಸರು ಹೇಳಿದ್ದಳಲ್ಲ, ಕಾನೂನು ಕಾನೂನೇ. ಅವಳು ಬೆವೆತ ಮುಷ್ಟಿ ಬಿಚ್ಚಿ ಕೆಂಪು ಕಡ್ಡಿಯನ್ನು ಯಶೋಧಾಳ ಕೈಗಿಟ್ಟಳು.